ಊರಿನ ಮ್ಯೂಸಿಯಂ ಮತ್ತೆ ತೆರೆಯುವಾಗ, ಹೊಸ ಅಂಗಳ ಮಾಡುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಂಕ್ರಾಮಿಕದ ನಡುವೆ ಊರಿನ ಚಿಕ್ಕ ಮ್ಯೂಸಿಯಂ ಬಾಗಿಲು ತೆರೆಯಬೇಕು, ಅದೇ ಹೊತ್ತಿಗೆ ಸುತ್ತಲಿನ ಅಂಗಳವನ್ನೂ ಹೊಸದಾಗಿ ಮಾಡಬೇಕು ಎಂದು ಹೊರಟವರಿಗೆ ಬರೆದ ಪುಟ ಇದು. ಸಮಿತಿಯವರು, ಸಿಬ್ಬಂದಿ, ಸ್ವಯಂಸೇವಕರು, ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇವೆ. ಉದಾಹರಣೆ ಬೇಕಾದ ಕಡೆ 2020ರಿಂದ ಈಚೆಗೆ ಕೋವಿಡ್ ಕಲಿಸಿದ್ದನ್ನು ಬಳಸಿದ್ದೇವೆ. ಗಾಳಿಯಲ್ಲಿ ಹರಡುವ ಯಾವ ಕಾಯಿಲೆಗೂ ಇದರ ಬಹುಪಾಲು ಹೊಂದುತ್ತದೆ. ನಿಮ್ಮಲ್ಲಿನ ಆರೋಗ್ಯ ಇಲಾಖೆಯ ನಿಯಮ ಇದಕ್ಕಿಂತ ಬೇರೆ ಇದ್ದರೆ ಆ ನಿಯಮವನ್ನೇ ಪಾಲಿಸಿ.

ಬಾಗಿಲೇ ತೆರೆಯಲು ಆಗುತ್ತಿಲ್ಲ. ಇಂಥ ಹೊತ್ತಲ್ಲಿ ಗಿಡ ಮರ ಅಂತ ಕೂರೋದು ಸರೀನಾ?

ಸರಿ. ಅಂಗಳದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದು ಕಷ್ಟ. ಮ್ಯೂಸಿಯಂ ತೆರೆದಿರುವಾಗ ನೆಲ ಅಗೆದರೆ ಧೂಳು, ಸದ್ದು, ಬಂದವರಿಗೆ ತೊಂದರೆ. ಮುಚ್ಚಿರುವಾಗ ಅದ್ಯಾವುದೂ ಇಲ್ಲ. ಕೆಲಸ ಬಯಲಲ್ಲಿ ನಡೆಯುವುದರಿಂದ ಕೆಲಸಗಾರರಿಗೂ ಅಪಾಯ ಕಡಿಮೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಳಗೆ ಹತ್ತು ಜನ ನಿಲ್ಲಲು ಹೆದರುವ ಕಾಲದಲ್ಲಿ ಹೊರಗೆ ನೂರು ಜನ ಓಡಾಡಬಹುದು. ಅಂಗಳವನ್ನು ಕಟ್ಟಡದ ಅಲಂಕಾರ ಎಂದು ನೋಡಬೇಡಿ. ಅದು ನಿಮ್ಮ ಮೊದಲ ಗ್ಯಾಲರಿ. ಸೂರು ಇಲ್ಲ, ಗಾಳಿಗೆ ಮಾತ್ರ ಯಾವ ಕೊರತೆಯೂ ಇಲ್ಲ. ಹೀಗೆ ನೋಡಲು ಶುರು ಮಾಡಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಎರಡೂ ಕೆಲಸಕ್ಕೆ ಒಂದೇ ಸಮಿತಿ ಸಾಕಾ, ಬೇರೆ ಬೇರೆ ಬೇಕಾ?

ಒಂದೇ ಇರಲಿ. ತೋಟದವರು ಒಂದು ಕಡೆ, ಮತ್ತೆ ತೆರೆಯುವ ಏರ್ಪಾಡಿನವರು ಇನ್ನೊಂದು ಕಡೆ ಕೂತರೆ ತಪ್ಪು ಗ್ಯಾರಂಟಿ. ತೋಟದವರು ಬಾಗಿಲ ಮುಂದೆಯೇ ಗುಲಾಬಿ ಪಾತಿ ಹಾಕುತ್ತಾರೆ. ಕ್ಯೂ ನಿಲ್ಲಿಸಬೇಕಾದ ಜಾಗವೂ ಅದೇ ಆಗಿರುತ್ತದೆ. ಒಬ್ಬರು ಕಿಟಕಿ ತೆರೆಯಬೇಕು ಅನ್ನುತ್ತಾರೆ, ಇನ್ನೊಬ್ಬರು ಅದೇ ಕಿಟಕಿಯ ಕೆಳಗೆ ಹೂಪೊದೆ ನೆಡುತ್ತಾರೆ. ಇದು ಯಾಕೆ ಅಪಾಯ ಎಂದು ಮುಂದೆ ಹೇಳುತ್ತೇವೆ.

ಸಂಗ್ರಹದ ವಸ್ತುಗಳನ್ನು ನೋಡಿಕೊಳ್ಳುವವರು ತೋಟದ ನಕ್ಷೆ ನೋಡುವ ತನಕ ಯಾರೂ ಒಂದು ಗುಂಡಿಯನ್ನೂ ತೋಡಬಾರದು. ಇದೊಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿಯಿರಿ.

ಮೊದಲ ಹೆಜ್ಜೆ ಯಾವುದು?

ಮಳೆ ಬರುವಾಗ ಛತ್ರಿ ಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ಹಾಕಿ. ನೀರು ಎಲ್ಲಿ ನಿಲ್ಲುತ್ತದೆ, ತಾರಸಿಯ ಪೈಪಿನಿಂದ ಬಿದ್ದ ನೀರು ಎತ್ತ ಹೋಗುತ್ತದೆ, ಯಾವ ಗೋಡೆ ಕೆಳಗಿನಿಂದ ಒದ್ದೆಯಾಗಿದೆ, ಎಲ್ಲ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ನಕ್ಷೆ ಬರೆಯುವವರಿಗೆ ಈ ಫೋಟೋಗಳಷ್ಟು ಉಪಯೋಗ ಇನ್ಯಾವುದೂ ಇಲ್ಲ.

ಆಮೇಲೆ ನೆಲದಡಿಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ. ನೀರಿನ ಪೈಪು, ಕರೆಂಟಿನ ಕೇಬಲ್ಲು, ಹಳೆಯ ಚರಂಡಿ. ಕಟ್ಟಡ ಹಳೆಯದಾಗಿದ್ದರೆ ಅದರ ಸುತ್ತಲಿನ ಮಣ್ಣೂ ಚರಿತ್ರೆಯ ಭಾಗವೇ. ಹಳೆಯ ತಳಪಾಯ, ಮಡಕೆ ಚೂರು, ಮುಚ್ಚಿದ ಬಾವಿ ಸಿಗಬಹುದು. ಇಂಥ ಜಾಗದಲ್ಲಿ ಅಗೆಯಲು ಅನುಮತಿ ಬೇಕಾ ಎಂದು ಮೊದಲೇ ವಿಚಾರಿಸಿ. ಇತಿಹಾಸ ಕಾಪಾಡಲು ಇರುವ ಸಂಸ್ಥೆಯೇ ತನ್ನ ನೆಲದ ಇತಿಹಾಸವನ್ನು ಜೆಸಿಬಿಗೆ ಕೊಡಬಾರದು.

ಗಿಡಗಳನ್ನು ಗೋಡೆಯಿಂದ ಎಷ್ಟು ದೂರ ನೆಡಬೇಕು?

ಗೋಡೆಗೆ ತಾಗಿಕೊಂಡು ಏನನ್ನೂ ನೆಡಬೇಡಿ. ಕಟ್ಟಡದ ಸುತ್ತ ಸುಮಾರು ಅರ್ಧ ಮೀಟರಿನಿಂದ ಒಂದು ಮೀಟರ್ ಅಗಲದ ಜಲ್ಲಿ ಪಟ್ಟಿ ಬಿಡಿ. ನೋಡಲು ಬೋಳು ಅನ್ನಿಸಬಹುದು, ಆದರೆ ಇದರಷ್ಟು ಕೆಲಸಕ್ಕೆ ಬರುವುದು ಇಡೀ ತೋಟದಲ್ಲಿ ಇನ್ನೊಂದಿಲ್ಲ. ಗೋಡೆ ಒಣಗಿರುತ್ತದೆ. ಗೆದ್ದಲು ಮಣ್ಣಿನ ಸುರಂಗ ಕಟ್ಟಿ ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಇಲಿಗಳಿಗೆ ಮರೆ ಸಿಗುವುದಿಲ್ಲ. ಗೋಡೆ ರಿಪೇರಿಗೆ ಏಣಿ ಇಡಲು ಜಾಗವೂ ಇರುತ್ತದೆ.

ನೆಲ ಕಟ್ಟಡದಿಂದ ಹೊರಕ್ಕೆ ಇಳಿಜಾರಾಗಿರಬೇಕು. ಮೊದಲ 3 ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿದರೆ ಸಾಕು. ಹೊಸ ಮಣ್ಣು, ಗೊಬ್ಬರ, ಕಲ್ಲುಹಾಸು ಅಂತ ಹಾಕುತ್ತಾ ಹೋದ ಹಾಗೆ ಹೊರಗಿನ ನೆಲ ಗೊತ್ತಾಗದೆ ಏರಿಬಿಡುತ್ತದೆ. ಗೋಡೆಯೊಳಗೆ ತೇವ ತಡೆಯುವ ಪದರ ಇರುತ್ತದಲ್ಲ, ಹೊರಗಿನ ಮಟ್ಟ ಅದಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿರಲಿ. ನೆಲದಡಿಗೆ ಗಾಳಿ ಹೋಗುವ ಕಿಂಡಿಗಳಿದ್ದರೆ ಮುಚ್ಚಬೇಡಿ.

ಸ್ಪ್ರಿಂಕ್ಲರ್ ಗೋಡೆಗೆ ಹೊಡೆಯುತ್ತಿದ್ದರೆ ಅವತ್ತೇ ತಿರುಗಿಸಿ. ಗೋಡೆಯ ಹತ್ತಿರದ ಪಾತಿಗಳಿಗೆ ಹನಿ ನೀರಾವರಿಯೇ ಒಳ್ಳೆಯದು. ಮರದ ಚಕ್ಕೆ, ಒಣ ಎಲೆಗಳ ಹೊದಿಕೆಯನ್ನು ಗೋಡೆಯ ಪಕ್ಕ ಹಾಕಬೇಡಿ. ತೇವ ಹಿಡಿದಿಟ್ಟುಕೊಂಡು ಗೆದ್ದಲನ್ನು ಕರೆಯುತ್ತದೆ. ದೂರದ ಪಾತಿಗಳಿಗೆ ಅದೇ ಹೊದಿಕೆ ತುಂಬಾ ಒಳ್ಳೆಯದು, ಅಲ್ಲಿ ಧಾರಾಳವಾಗಿ ಹಾಕಿ.

ಬಳ್ಳಿ ಹಬ್ಬಿಸಿದರೆ ಚೆಂದ ಅಲ್ವಾ?

ಚೆಂದವೇ. ಹಂದರದ ಮೇಲೆ, ಬೇಲಿಯ ಮೇಲೆ ಹಬ್ಬಿಸಿ. ಗೋಡೆಯ ಮೇಲೆ ಬೇಡ.

ಹೂವಿನ ಗಿಡಗಳಿಂದ ಸಂಗ್ರಹಕ್ಕೆ ಅಪಾಯ ಅನ್ನುತ್ತಾರೆ. ನಿಜವೇ?

ನಿಜ. ಇದನ್ನು ಎಲ್ಲರಿಗೂ ಬಿಡಿಸಿ ಹೇಳಬೇಕು, ಯಾಕೆಂದರೆ ತೋಟ ಮಾಡುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ.

ಕಾರ್ಪೆಟ್ ಬೀಟಲ್ ಎಂಬ ಪುಟ್ಟ ಜೀರುಂಡೆ ಇದೆ. 2ರಿಂದ 4 ಮಿಲಿಮೀಟರ್ ಉದ್ದ, ಗುಂಡಗೆ, ಕೆಲವು ಜಾತಿಗಳಿಗೆ ಬೆನ್ನ ಮೇಲೆ ಕಂದು ಬಿಳಿ ಚುಕ್ಕೆ. ಬೆಳೆದ ಜೀರುಂಡೆ ಹೂವಿನ ಪರಾಗ, ಮಕರಂದ ತಿಂದು ಬದುಕುತ್ತದೆ. ತಿಳಿ ಬಣ್ಣದ, ಗೊಂಚಲು ಗೊಂಚಲಾಗಿ ಬಿಡುವ ಸಣ್ಣ ಹೂಗಳೆಂದರೆ ಅದಕ್ಕೆ ಇಷ್ಟ. ಅಲ್ಲಿಯ ತನಕ ತೊಂದರೆ ಇಲ್ಲ. ಆದರೆ ಮೊಟ್ಟೆ ಇಡಲು ಅದು ಕಟ್ಟಡದೊಳಗೆ ಬರುತ್ತದೆ. ಮೊಟ್ಟೆಯಿಂದ ಬಂದ ರೋಮದ ಹುಳ ಉಣ್ಣೆ, ರೇಷ್ಮೆ, ಗರಿ, ತುಪ್ಪಳ, ಚರ್ಮ ತಿನ್ನುತ್ತದೆ. ಹಳೆಯ ಕೋಟು, ರೇಷ್ಮೆ ಬಾವುಟ, ಹುಲ್ಲು ತುಂಬಿದ ಹಕ್ಕಿ, ಎಲ್ಲ ಅದರ ಊಟ. ಕತ್ತಲೆಯ ಮೂಲೆಯಲ್ಲಿ ತಿನ್ನುವುದರಿಂದ ಗೊತ್ತಾಗುವ ಹೊತ್ತಿಗೆ ತೂತು ಬಿದ್ದಿರುತ್ತದೆ.

ಸಾಂಕ್ರಾಮಿಕದ ಕಾಲದಲ್ಲಿ ಗಾಳಿಗಾಗಿ ಕಿಟಕಿ ತೆರೆದಿಡುತ್ತೇವೆ. ಕೆಳಗೆ ಹೂಪೊದೆ ಇದ್ದರೆ ಅದಕ್ಕೆ ನೇರ ದಾರಿ ಮಾಡಿಕೊಟ್ಟ ಹಾಗೆ. ಆದ್ದರಿಂದ ಕಿಟಕಿ, ಬಾಗಿಲುಗಳ ಹತ್ತಿರ ಎಲೆಯ ಅಂದ ನೋಡುವ ಗಿಡ, ಹುಲ್ಲಿನ ಜಾತಿ, ಜರೀಗಿಡ ಇರಲಿ. ಹೂವಿನ ಪಾತಿಗಳನ್ನು ಕಟ್ಟಡದಿಂದ ದೂರಕ್ಕೆ ಒಯ್ಯಿರಿ. ಜೇನು, ಚಿಟ್ಟೆಗಳಿಗೆ ಹೂ ಬೇಕೇ ಬೇಕು, ಅವುಗಳಿಗೆ ಅಂಗಳದ ಆ ತುದಿಯೂ ಒಂದೇ, ಈ ತುದಿಯೂ ಒಂದೇ. ತೆರೆಯುವ ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ.

ಪತ್ತೆ ಹಚ್ಚುವುದು ಸುಲಭ. ಬೆಳೆದ ಜೀರುಂಡೆ ಬೆಳಕಿನ ಕಡೆ ಹೋಗುತ್ತದೆ, ಕಿಟಕಿಯ ಹಲಗೆಯ ಮೇಲೆ ಸತ್ತು ಬೀಳುತ್ತದೆ. ಗುಡಿಸುವ ಮುಂಚೆ ಆ ಹಲಗೆಯನ್ನು ಭೂತಗನ್ನಡಿ ಹಿಡಿದು ನೋಡಿ. ಗೋಡೆಯಂಚಿನಲ್ಲಿ ಅಂಟಿನ ಬಲೆ ಇಟ್ಟು, ಏನು ಸಿಕ್ಕಿತು, ಯಾವ ದಿನ, ಯಾವ ಕೋಣೆ ಎಂದು ಬರೆದಿಡಿ.

ಮುಂಬಾಗಿಲ ಒಳಗೆ ಕುಂಡ, ಹೂದಾನಿ ಇಡಬಹುದಾ?

ಬೇಡ. ಕುಂಡದ ಒದ್ದೆ ಮಣ್ಣಿನ ಜೊತೆ ಬೂಷ್ಟು, ಸಣ್ಣ ನೊಣ ಬರುತ್ತವೆ. ಕಿತ್ತ ಹೂಗಳ ಒಳಗೆ ಮೇಲೆ ಹೇಳಿದ ಜೀರುಂಡೆಯೇ ಕೂತಿರಬಹುದು. ಕುಂಡಗಳ ಜಾಗ ಹೊರಗಿನ ಮೆಟ್ಟಿಲು.

ಅಂಗಳದಲ್ಲಿ ದೊಡ್ಡ ಹಳೆಯ ಮರ ಇದೆ. ಅಡ್ಡ ಆಗುತ್ತದೆ, ಕಡಿಸೋಣವೇ?

ಅಡ್ಡ ಅನ್ನುವ ಒಂದೇ ಕಾರಣಕ್ಕೆ ದಯವಿಟ್ಟು ಬೇಡ. ಎಪ್ಪತ್ತು ಎಂಬತ್ತು ವರ್ಷದ ನೆರಳನ್ನು ಯಾವ ಗುತ್ತಿಗೆದಾರನೂ ತಂದು ನಿಲ್ಲಿಸಲಾರ. ಹೊರಗಿನ ಕ್ಯೂ, ಮಕ್ಕಳ ಗುಂಪು, ಬಯಲಿನ ಮಾತುಕತೆ, ಎಲ್ಲಕ್ಕೂ ನೆರಳೇ ಬೇಕು. ನಕ್ಷೆಯನ್ನು ಮರದ ಸುತ್ತ ಬರೆಯಿರಿ. ಕೊಂಬೆ ಒಣಗಿದೆ, ಕಾಂಡ ಟೊಳ್ಳಾಗಿದೆ ಎಂಬ ಅನುಮಾನ ಇದ್ದರೆ ಮರದ ವಿಷಯ ತಿಳಿದವರಿಂದ ಪರೀಕ್ಷೆ ಮಾಡಿಸಿ. ಅಪಾಯ ಇದೆ ಎಂದು ಅವರು ಹೇಳಿದರೆ ಆಗ ಯೋಚಿಸೋಣ.

ಉಳಿಸಿಕೊಂಡ ಮರವನ್ನು ಕೆಲಸದ ಹೊತ್ತಲ್ಲಿ ಕಾಪಾಡುವುದು ಇನ್ನೊಂದು ಸವಾಲು. ಮರದ ಬೇರು ಬಹುಪಾಲು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ, ಕೊಂಬೆಗಳ ತುದಿಗಿಂತಲೂ ಆಚೆಗೆ ಹರಡಿರುತ್ತದೆ. ಲಾರಿ ಒಂದೆರಡು ಸಲ ಅದರ ಮೇಲೆ ಹೋದರೂ ಮಣ್ಣು ಅದುಮಿಹೋಗಿ ಬೇರಿಗೆ ಗಾಳಿ, ನೀರು ಸಿಗುವುದಿಲ್ಲ. ಮರ ಕೂಡಲೇ ಸಾಯುವುದಿಲ್ಲ. ವರ್ಷಗಳ ನಂತರ ತುದಿಯಿಂದ ಒಣಗುತ್ತಾ ಬರುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಕೆಲಸ ಶುರುವಾಗುವ ಮುಂಚೆಯೇ ಕೊಂಬೆಗಳ ಹರವಿನಷ್ಟು ಜಾಗಕ್ಕೆ ಬೇಲಿ ಹಾಕಿ. ಒಳಗೆ ಸಿಮೆಂಟು ಚೀಲ, ಮರಳು ರಾಶಿ, ಕೇಬಲ್ ಗುಂಡಿ ಯಾವುದೂ ಬೇಡ. ಕಾಂಡದ ಬುಡಕ್ಕೆ ಮಣ್ಣು ಏರಿಸಿ ಕಟ್ಟೆ ಕಟ್ಟುವ ಆಸೆಯನ್ನೂ ಬಿಡಿ.

ದಾರಿ, ಬೆಂಚುಗಳ ಅಳತೆ ಹೇಗಿರಬೇಕು?

ಗಾಲಿಕುರ್ಚಿ ಹೋಗಲು ಕನಿಷ್ಠ 90 ಸೆಂಟಿಮೀಟರ್ ಬೇಕು. ಎರಡು ಗಾಲಿಕುರ್ಚಿ ಎದುರುಬದುರು ಹೋಗಲು 1.8 ಮೀಟರ್. ತಿರುಗಲು 1.5 ಮೀಟರ್ ಅಗಲದ ಜಾಗ. ಅಂತರ ಕಾಯಬೇಕಾದ ಕಾಲದಲ್ಲಿ ದಾರಿ 3 ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಅಷ್ಟು ಜಾಗ ಇಲ್ಲದಿದ್ದರೆ ಅಲ್ಲಲ್ಲಿ ಪಕ್ಕಕ್ಕೆ ಸರಿದು ನಿಲ್ಲುವ ತಾಣ ಮಾಡಿ, ಅಥವಾ ದಾರಿಯನ್ನು ಒಂದು ಸುತ್ತಿನ ಹಾಗೆ ಎಳೆದು ಎಲ್ಲರೂ ಒಂದೇ ದಿಕ್ಕಿಗೆ ನಡೆಯುವಂತೆ ಮಾಡಿ. ರ‍್ಯಾಂಪಿನ ಏರು 12 ಅಳತೆ ಉದ್ದಕ್ಕೆ 1 ಅಳತೆ ಎತ್ತರ ಮೀರಬಾರದು. ಸಡಿಲ ಜಲ್ಲಿಯ ದಾರಿಯಲ್ಲಿ ಗಾಲಿಕುರ್ಚಿಯೂ ಹೋಗದು, ಮಗುವಿನ ತಳ್ಳುಗಾಡಿಯೂ ಹೋಗದು.

ಬೆಂಚುಗಳಿಗೆ ಬೆನ್ನು, ಕೈ ಎರಡೂ ಇರಲಿ. ಮಂಡಿ ನೋವಿರುವವರು ಕೈ ಊರಿಕೊಂಡೇ ಏಳಬೇಕು. ಪ್ರತಿ ಬೆಂಚಿನ ಪಕ್ಕ ಗಾಲಿಕುರ್ಚಿ ನಿಲ್ಲಿಸುವಷ್ಟು ಜಾಗ ಬಿಡಿ. ಬೆಂಚುಗಳ ನಡುವೆ 2 ಮೀಟರ್ ದೂರ ಇದ್ದರೆ ‘ಇಲ್ಲಿ ಕೂರಬೇಡಿ’ ಎಂಬ ಟೇಪು ಅಂಟಿಸುವ ಕೆಲಸವೇ ಇರುವುದಿಲ್ಲ.

ಕ್ಯೂ ನಿಲ್ಲುವ ಜಾಗಕ್ಕೆ ನೆರಳು, ಮಳೆಗೆ ಮರೆ ಬೇಕು. ಅಲ್ಲೇ ಕೈ ತೊಳೆಯುವ ನಲ್ಲಿ ಇರಲಿ. 20 ಸೆಕೆಂಡು ಸೋಪು ಹಾಕಿ ತೊಳೆದ ಕೈ ಸ್ಯಾನಿಟೈಸರಿಗಿಂತ ಕಡಿಮೆಯೇನಲ್ಲ. ಆ ನೀರು ಪಾತಿಯ ಕಡೆ ಹೋಗುವಂತೆ ಮಾಡಿದರೆ ಎರಡು ಕೆಲಸ ಆಯಿತು.

ವಸ್ತುಗಳನ್ನು ಹೊರಗೆ ಇಟ್ಟು ತೋರಿಸಬಹುದಾ?

ಅಸಲಿ ವಸ್ತುಗಳನ್ನು ಬೇಡ. ಬಿಸಿಲು, ಮಂಜು, ಹಕ್ಕಿ ಹಿಕ್ಕೆ ಯಾವುದಕ್ಕೂ ಅವು ತಡೆಯುವುದಿಲ್ಲ. ಆದರೆ ದೊಡ್ಡ ಫೋಟೋಗಳು, ಪ್ರತಿಕೃತಿಗಳು, ಕಥೆ ಹೇಳುವ ಫಲಕಗಳು ಹೊರಗೆ ಚೆನ್ನಾಗಿ ಒಪ್ಪುತ್ತವೆ. ಫಲಕ ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೂ ಸಿಗುವಷ್ಟು ಕೆಳಗಿರಲಿ, ಸ್ವಲ್ಪ ಓರೆಯಾಗಿರಲಿ. ಬಿಸಿಲಿಗೆ ಬಣ್ಣ ಮಾಸುತ್ತದೆ, ಹಾಗಾಗಿ ಬದಲಿಸಲು ಆಗುವಂಥ ಚೌಕಟ್ಟು ಮಾಡಿಸಿ.

ಗಿಡಗಳನ್ನೇ ಪ್ರದರ್ಶನ ಮಾಡುವುದು ಇನ್ನೂ ಸೊಗಸು. ಒಳಗೆ ನೇಯ್ಗೆಯ ಸಂಗ್ರಹ ಇದ್ದರೆ ಹೊರಗೆ ಹತ್ತಿ ಗಿಡ, ನೀಲಿ ಗಿಡ. ಔಷಧಿ ಪೆಟ್ಟಿಗೆಗಳಿದ್ದರೆ ಹೊರಗೆ ಮೂಲಿಕೆಗಳ ಪಾತಿ. ಮಕ್ಕಳು ಮುಟ್ಟುವ ದಾರಿಯಲ್ಲಿ ಕಣಗಿಲೆ, ದತ್ತೂರದಂಥ ವಿಷದ ಗಿಡ ಮಾತ್ರ ಬೇಡ.

ರಾತ್ರಿ ದೀಪಗಳು?

ಹುಳಗಳು ನೀಲಿ ಮತ್ತು ನೇರಳಾತೀತ ಬೆಳಕಿಗೆ ಮುತ್ತುತ್ತವೆ. ಹಳದಿ ಛಾಯೆಯ ಎಲ್‌ಇಡಿ ಹಾಕಿ, ಮುಖ ಕೆಳಕ್ಕಿರಲಿ. ದೀಪವನ್ನು ಬಾಗಿಲ ಮೇಲೆ ಕೂರಿಸಬೇಡಿ. ದೂರದ ಕಂಬದಲ್ಲಿಟ್ಟು ಬೆಳಕು ಬಾಗಿಲ ಮೇಲೆ ಬೀಳುವಂತೆ ಮಾಡಿ.

ತಿಂಗಳುಗಟ್ಟಲೆ ಮುಚ್ಚಿದ್ದ ಕಟ್ಟಡವನ್ನು ತೆರೆಯುವ ಮುಂಚೆ ಏನೇನು ನೋಡಬೇಕು?

ಮೊದಲು ನೀರು. ಪೈಪಿನಲ್ಲಿ ನಿಂತ ನೀರಿನಲ್ಲಿ ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 20ರಿಂದ 45 ಡಿಗ್ರಿ ಸೆಲ್ಸಿಯಸ್ ಶಾಖ ಅದಕ್ಕೆ ಹಿತ. ನೀರು ಸಣ್ಣ ಹನಿಯಾಗಿ ಗಾಳಿಗೆ ಸೇರಿ ಉಸಿರಿನೊಳಗೆ ಹೋದರೆ ಜೋರು ನ್ಯುಮೋನಿಯಾ ಬರಬಹುದು. ಒಂದು ಕಾಯಿಲೆಗೆ ಹೆದರಿ ಮುಚ್ಚಿದ ಕಟ್ಟಡದಿಂದ ಇನ್ನೊಂದು ಕಾಯಿಲೆ ಹರಡಬಾರದು. ಪ್ರತಿ ನಲ್ಲಿಯನ್ನೂ ಸಿಡಿಯದಂತೆ ನಿಧಾನಕ್ಕೆ ತೆರೆದು ಹಳೆಯ ನೀರನ್ನೆಲ್ಲ ಬಿಡಿ. ತೋಟದ ಪೈಪು, ಕಾರಂಜಿಗಳನ್ನೂ ಮರೆಯಬೇಡಿ. ಟ್ಯಾಂಕ್ ತೊಳೆಸಿ. ಶೌಚಾಲಯ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ಒಣಗಿದ್ದರೆ ಚರಂಡಿಯ ವಾಸನೆ ಒಳಗೆ ಬರುತ್ತದೆ. ಒಂದೊಂದು ಚೊಂಬು ನೀರು ಸುರಿದರೆ ಆಯಿತು.

ಆಮೇಲೆ ಬೂಷ್ಟು. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಬೀರುವಿನ ಹಿಂದೆ, ಹೊರಗೋಡೆಗೆ ತಾಗಿದ ಚಿತ್ರಗಳ ಹಿಂದೆ, ಪುಸ್ತಕದ ಬೆನ್ನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿಗೆ ಕಾಣದ ಬಿಳಿ ಪುಡಿ ಓರೆ ಬೆಳಕಿಗೆ ಎದ್ದು ಕಾಣುತ್ತದೆ. ಸಿಕ್ಕರೆ ಬಟ್ಟೆಯಿಂದ ಒರೆಸಲು ಹೋಗಬೇಡಿ. ವಸ್ತುವನ್ನು ಬೇರೆ ಮಾಡಿ, ಮಾಸ್ಕ್ ಹಾಕಿಕೊಳ್ಳಿ, ಸಂರಕ್ಷಣೆ ತಿಳಿದವರಿಗೆ ಹೇಳಿ.

ಬೆಂಕಿಯ ಅಲಾರಂ, ಬೀಗ, ತಾರಸಿಯ ಮೋರಿಯಲ್ಲಿ ಕಟ್ಟಿಕೊಂಡ ಎಲೆ, ಲಿಫ್ಟ್ ಇದ್ದರೆ ಅದು. ಇವು ಮಾಮೂಲಿ ಪಟ್ಟಿ, ಜಾಸ್ತಿ ಹೇಳಬೇಕಿಲ್ಲ.

ಒಂದು ಸಲಕ್ಕೆ ಎಷ್ಟು ಜನರನ್ನು ಬಿಡಬಹುದು?

ಕಟ್ಟಡದ ಒಟ್ಟು ಅಳತೆ ಹಿಡಿದು ಲೆಕ್ಕ ಹಾಕಬೇಡಿ. ಶೋಕೇಸು, ಕಂಬ, ಕೌಂಟರ್ ಬಿಟ್ಟು ಜನ ನಿಜವಾಗಿ ನಿಲ್ಲುವ ನೆಲ ಎಷ್ಟಿದೆ ನೋಡಿ. 2 ಮೀಟರ್ ಅಂತರ ಅಂದರೆ ಒಬ್ಬರಿಗೆ ಸುಮಾರು 4 ಚದರ ಮೀಟರ್. 60 ಚದರ ಮೀಟರ್ ಖಾಲಿ ನೆಲ ಇದ್ದರೆ ಕಾಗದದ ಮೇಲೆ 15 ಜನ. ಆದರೆ ಜನ ಚೌಕಕ್ಕೊಬ್ಬರಂತೆ ನಿಲ್ಲುವುದಿಲ್ಲ, ಚೆಂದದ ವಸ್ತುವಿನ ಮುಂದೆ ಸೇರುತ್ತಾರೆ. ಮೊದಲ ವಾರ ಅರ್ಧಕ್ಕೆ ಇಳಿಸಿ, ಹೇಗೆ ನಡೆಯುತ್ತದೆ ನೋಡಿ ಏರಿಸಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಕಿರಿದಾದ ಬಾಗಿಲು ಇರುತ್ತದಲ್ಲ, ನಿಮ್ಮ ನಿಜವಾದ ಮಿತಿ ಅದೇ.

ಟೈಮ್ ಸ್ಲಾಟ್ ಸುಲಭ ದಾರಿ. ಒಳಗೆ 12 ಜನ, ನೋಡಲು ಒಂದು ಗಂಟೆ ಅಂದುಕೊಂಡರೆ ಪ್ರತಿ 15 ನಿಮಿಷಕ್ಕೆ 3 ಜನ. ಬೇಗ ಬಂದವರಿಗೆ ಅಂಗಳ ಇದೆ, ನಿಂತು ಬೇಸರ ಪಡಬೇಕಿಲ್ಲ. ಫೋನಿನಲ್ಲಿ ಬುಕ್ ಮಾಡಲು ಬಾರದವರಿಗಾಗಿ ಒಂದಷ್ಟು ಸ್ಲಾಟ್ ಖಾಲಿ ಇಡಿ.

ಎಲ್ಲ ಕೋಣೆಗಳನ್ನೂ ತೆರೆಯಲೇಬೇಕು ಎಂದಿಲ್ಲ. 2020ರ ಜುಲೈ 6ರಂದು ಪ್ಯಾರಿಸಿನ ಲೂವ್ರ್ ಮತ್ತೆ ತೆರೆದಾಗ ಹಲವು ವಿಭಾಗಗಳು ಮುಚ್ಚಿಯೇ ಇದ್ದವು. ಮೊದಲೇ ಸಮಯ ಗೊತ್ತು ಮಾಡಿಕೊಂಡು ಬರಬೇಕಿತ್ತು, ಮಾಸ್ಕ್ ಕಡ್ಡಾಯ, ದಾರಿ ತೋರಿಸಲು ಬಾಣದ ಗುರುತು. ಮ್ಯಾಡ್ರಿಡ್‌ನ ಪ್ರಾಡೊ ಜೂನ್ 6ರಂದು ತೆರೆದಾಗ ತನ್ನ ಮುಖ್ಯ ಚಿತ್ರಗಳನ್ನು ಮಧ್ಯದ ದೊಡ್ಡ ಗ್ಯಾಲರಿ ಮತ್ತು ಅಕ್ಕಪಕ್ಕದ ಕೋಣೆಗಳಿಗೆ ತಂದು ಜೋಡಿಸಿತು. ಅಷ್ಟು ದೊಡ್ಡ ಸಂಸ್ಥೆಗಳೇ ಹೀಗೆ ಮಾಡಿದ ಮೇಲೆ ನೀವು ಎರಡೇ ಕೋಣೆ ತೆರೆದರೆ ಯಾವ ಕೊರತೆಯೂ ಅಲ್ಲ.

ಕಿಟಕಿ ತೆರೆದರೆ ಜನರಿಗೆ ಒಳ್ಳೆಯದು, ವಸ್ತುಗಳಿಗೆ ಕೆಟ್ಟದ್ದು. ಏನು ಮಾಡೋದು?

ಇದು ನಿಜವಾದ ತೊಡಕು. ಮರ, ದಂತ, ಚರ್ಮ ಎಲ್ಲ ತೇವ ಏರಿದಾಗ ಹಿಗ್ಗುತ್ತವೆ, ಇಳಿದಾಗ ಕುಗ್ಗುತ್ತವೆ. ದಿನಕ್ಕೆ ಹಲವು ಸಲ ಹೀಗಾದರೆ ಬಿರುಕು ಬಿಡುತ್ತದೆ.

ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧೀಕರಣ ಯಂತ್ರ ಇಲ್ಲಿ ಸಹಾಯಕ್ಕೆ ಬರುತ್ತದೆ. 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಅದು ಹಿಡಿಯುತ್ತದೆ. ಹೊರಗಿನ ಗಾಳಿಯನ್ನು ಒಳಗೆ ತಾರದ ಕಾರಣ ತೇವಾಂಶ ಏರುಪೇರಾಗುವುದಿಲ್ಲ. ಧೂಳನ್ನೂ ಹಿಡಿಯುವುದರಿಂದ ಸಂಗ್ರಹಕ್ಕೂ ಲಾಭ. ಗಾಳಿ ನೇರವಾಗಿ ವಸ್ತುಗಳ ಮೇಲಾಗಲಿ, ಒಬ್ಬರಿಂದ ಇನ್ನೊಬ್ಬರ ಕಡೆಗಾಗಲಿ ಬೀಸದಂತೆ ಇಡಿ.

ಸೂಕ್ಷ್ಮ ವಸ್ತುಗಳಿರುವ ಕೋಣೆಗೆ ಯಂತ್ರ, ಕಲ್ಲು ಮತ್ತು ಮಣ್ಣಿನ ವಸ್ತುಗಳ ಕೋಣೆಗೆ ಕಿಟಕಿ ಎಂದು ಹಂಚಿಕೊಳ್ಳಬಹುದು. ಜನ ಉಸಿರು ಬಿಟ್ಟ ಹಾಗೆ ಕೋಣೆಯಲ್ಲಿ ಏರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಮೀಟರ್ ಒಂದು ತನ್ನಿ. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಆಸುಪಾಸು ತೋರಿಸುತ್ತದೆ. ಕೋಣೆಯಲ್ಲಿ 800ರ ಕೆಳಗಿದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆ ಎಂದು ತಿಳಿಯಬಹುದು. ಏರುತ್ತಾ ಹೋದರೆ ಜನರನ್ನು ಸ್ವಲ್ಪ ಹೊತ್ತು ಅಂಗಳಕ್ಕೆ ಕಳಿಸಿ. ಒಂದು ಮಾತು: ಶುದ್ಧೀಕರಣ ಯಂತ್ರ ಈ ಅಂಕಿಯನ್ನು ಇಳಿಸುವುದಿಲ್ಲ, ಅದು ಹಿಡಿಯುವುದು ಕಣಗಳನ್ನು ಮಾತ್ರ.

ವಾರಕ್ಕೊಮ್ಮೆ ಇಡೀ ಗ್ಯಾಲರಿಗೆ ಔಷಧಿ ಸಿಂಪಡಿಸಿದರೆ?

ಖಂಡಿತ ಬೇಡ. ಬ್ಲೀಚ್ ತಾಗಿದರೆ ಲೋಹ ತುಕ್ಕು ಹಿಡಿಯುತ್ತದೆ, ಬಟ್ಟೆಯ ಬಣ್ಣ ಹೋಗುತ್ತದೆ. ಸ್ಯಾನಿಟೈಸರಿನ ಆಲ್ಕೋಹಾಲ್ ಹಳೆಯ ಮರದ ಸಾಮಾನಿನ ಅರಗಿನ ಪಾಲಿಶನ್ನು ಕರಗಿಸುತ್ತದೆ. ನೇರಳಾತೀತ ದೀಪ ಬಣ್ಣ ಮಾಸಿಸಿ ಕಾಗದವನ್ನು ಸೊರಗಿಸುತ್ತದೆ. ವಸ್ತುವಿನ ಮೇಲೆ ವೈರಸ್ ಇದೆ ಎಂಬ ಅನುಮಾನ ಬಂದರೆ ಸುಮ್ನೆ ಮುಟ್ಟದೆ ಬಿಡುವುದೇ ಮದ್ದು. 2020ರ ಮಾರ್ಚ್‌ನಲ್ಲಿ ಬಂದ ಪ್ರಯೋಗದ ಪ್ರಕಾರ ಕೋವಿಡ್ ವೈರಸ್ ಪ್ಲಾಸ್ಟಿಕ್, ಸ್ಟೀಲ್ ಮೇಲೆ 72 ಗಂಟೆಯ ತನಕ ಪತ್ತೆಯಾಯಿತು, ರಟ್ಟಿನ ಮೇಲೆ 24 ಗಂಟೆ ಕಳೆದ ಮೇಲೆ ಸಿಗಲಿಲ್ಲ. ಮುಂದೆ, 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕಿರುವ ಮೇಲ್ಮೈಯನ್ನು ಮುಟ್ಟಿದಾಗ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದಿತು. ಆದ್ದರಿಂದ ಸಿಂಪಡಣೆಗೆ ಹಾಕುವ ದುಡ್ಡನ್ನು ಗಾಳಿಯ ಏರ್ಪಾಡಿಗೆ ಹಾಕಿ. ಬಾಗಿಲ ಹಿಡಿ, ಕೌಂಟರ್, ನಲ್ಲಿಗಳನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ. ಐತಿಹಾಸಿಕ ಬಾಗಿಲ ಹಿಡಿಯಾದರೆ ಬಾಗಿಲನ್ನು ತೆರೆದೇ ಇಡಿ, ಯಾರೂ ಮುಟ್ಟಬೇಕಾಗುವುದಿಲ್ಲ.

ಸ್ಯಾನಿಟೈಸರ್ ಬಾಟಲಿ ಬಾಗಿಲ ಹೊರಗಿರಲಿ. ಶೋಕೇಸಿನ ಹತ್ತಿರ ಬೇಡ.

ನಮ್ಮ ಸ್ವಯಂಸೇವಕರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅವರನ್ನು ಕರೆಯೋದಾ ಬೇಡವಾ?

ನಿರ್ಧಾರ ಅವರದೇ ಆಗಿರಲಿ. ಕೋವಿಡ್ ಹೆಚ್ಚು ಕಾಡಿದ್ದು ವಯಸ್ಸಾದವರನ್ನು, ಅದನ್ನು ಮುಚ್ಚಿಡದೆ ಹೇಳಿ. ಆದರೆ ಅವರ ಹೆಸರನ್ನು ಪಟ್ಟಿಯಿಂದ ನೀವಾಗೇ ತೆಗೆದುಹಾಕಬೇಡಿ. ವರ್ಷಾನುಗಟ್ಟಲೆ ಈ ಜಾಗವನ್ನು ನಡೆಸಿದವರು ಅವರು. ಒಳಗೆ ಕೌಂಟರಿನಲ್ಲಿ ಕೂರುವ ಬದಲು ಅಂಗಳದಲ್ಲಿ ಬಂದವರನ್ನು ಎದುರುಗೊಳ್ಳುವ ಕೆಲಸ ಕೊಡಬಹುದು. ಮನೆಯಲ್ಲೇ ಇರಬೇಕಾದವರಿಗೆ ಹಳೆಯ ಪತ್ರಗಳ ಸ್ಕ್ಯಾನ್ ಕಳಿಸಿ, ಓದಿ ಟೈಪ್ ಮಾಡಿಕೊಡಲಿ. ಫೋಟೋದಲ್ಲಿರುವವರು ಯಾರು, ಈ ಉಪಕರಣ ಹೇಗೆ ಬಳಸುತ್ತಿದ್ದರು ಎಂದು ಫೋನಿನಲ್ಲಿ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಈ ಕೆಲಸಕ್ಕೆ ಬಿಡುವಿನ ಕಾಲ ಮತ್ತೆ ಯಾವಾಗ ಸಿಗುತ್ತದೋ.

ತೋಟದಲ್ಲಿ ಕೈ ಹಾಕುವವರಿಗೆ ಒಂದು ಸೂಚನೆ: ಗೊಬ್ಬರದ ಚೀಲವನ್ನು ಮುಖ ದೂರ ಇಟ್ಟು ಬಿಚ್ಚಿ, ಸ್ವಲ್ಪ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಅದರ ಧೂಳಿನಲ್ಲೂ ಲೀಜಿಯನೆಲ್ಲಾದ ಒಂದು ಜಾತಿ ಇರಬಹುದು.

ಟಿಕೆಟ್ ವರಮಾನ ನಿಂತಿದೆ. ತೋಟಕ್ಕೆ ದುಡ್ಡು ಎಲ್ಲಿಂದ?

ಇದು ನಿಮ್ಮೊಬ್ಬರ ಕಷ್ಟ ಅಲ್ಲ. 2020ರ ಮೇ ತಿಂಗಳಲ್ಲಿ ಯುನೆಸ್ಕೊ ಹೇಳಿದಂತೆ ಪ್ರಪಂಚದ ಶೇಕಡಾ 90ರಷ್ಟು, ಅಂದರೆ 85,000ಕ್ಕೂ ಹೆಚ್ಚು ಮ್ಯೂಸಿಯಂಗಳು ಬಾಗಿಲು ಹಾಕಿದ್ದವು. ಸುಮಾರು ಶೇಕಡಾ 13 ಮತ್ತೆ ತೆರೆಯದೇ ಹೋಗಬಹುದು ಎಂಬ ಭಯವೂ ಇತ್ತು.

ತೋಟವನ್ನು ಹಂತ ಮಾಡಿ. ನೆಲದ ಇಳಿಜಾರು, ನೀರು ಹರಿಯುವ ದಾರಿ, ಜಲ್ಲಿ ಪಟ್ಟಿ, ನಡೆಯುವ ದಾರಿ ಮೊದಲು. ಮರಗಳು ಎರಡನೆಯದು, ಬೆಳೆಯಲು ಅವಕ್ಕೇ ಹೆಚ್ಚು ಕಾಲ ಬೇಕು. ಪೊದೆ, ಹೂವು, ಅಲಂಕಾರ ಕೊನೆಗೆ. ದುಡ್ಡು ನಡುವೆ ಮುಗಿದರೂ ಆಗಿರುವಷ್ಟು ಕೆಲಸ ವ್ಯರ್ಥವಾಗುವುದಿಲ್ಲ. ದೊಡ್ಡ ಗಿಡಕ್ಕೆ ದುಡ್ಡು ಸುರಿಯುವ ಬದಲು ಚಿಕ್ಕ ಗಿಡ ತನ್ನಿ. ಚಿಕ್ಕದು ಬೇಗ ಬೇರೂರುತ್ತದೆ. ದಾನಿಗಳಿಗೆ ಬೆಂಚು, ಮರಗಳನ್ನು ವಹಿಸಿಕೊಡಿ, ಆದರೆ ಮುಂದಿನ ಮೂರು ವರ್ಷದ ನೀರಿನ ಖರ್ಚನ್ನೂ ಅದರಲ್ಲೇ ಸೇರಿಸಿ ಕೇಳಿ. ನೆಡಲು ಕೊಡುವವರು ಸಿಗುತ್ತಾರೆ, ನೀರು ಹಾಕಲು ಕೊಡುವವರು ಕಡಿಮೆ.

ತೆರೆದ ಮೇಲೆ ಮತ್ತೆ ಮುಚ್ಚಬೇಕಾಗಿ ಬಂದರೆ?

ಬರಬಹುದು, ಹಲವರಿಗೆ ಬಂತು. ಅದಕ್ಕೇ ಅಂಗಳಕ್ಕೆ ಕಟ್ಟಡದ ಬೀಗದ ಹಂಗಿಲ್ಲದೆ ತೆರೆಯುವ ಪ್ರತ್ಯೇಕ ಗೇಟು, ಶೌಚಾಲಯ ಇರಲಿ. ಒಳಗೆ ಮುಚ್ಚಿದರೂ ಹೊರಗೆ ನಡೆಯುತ್ತಿರುತ್ತದೆ.

ಮುಚ್ಚಿದಾಗ ಕಾವಲು ಸಡಿಲ ಬಿಡಬೇಡಿ. 2020ರ ಮಾರ್ಚ್ 30ರ ಬೆಳಗಿನ ಜಾವ ನೆದರ್ಲೆಂಡ್ಸ್‌ನ ಸಿಂಗರ್ ಲಾರೆನ್ ಮ್ಯೂಸಿಯಂನ ಗಾಜಿನ ಬಾಗಿಲು ಒಡೆದು ವಿನ್ಸೆಂಟ್ ವ್ಯಾನ್‌ ಗೋ ಬರೆದ ತೋಟದ ಚಿತ್ರವೊಂದನ್ನು ಕಳ್ಳ ಕದ್ದೊಯ್ದ. ಕೋವಿಡ್ ಕಾರಣಕ್ಕೆ ಮ್ಯೂಸಿಯಂ ಮುಚ್ಚಿತ್ತು, ಚಿತ್ರ ಬೇರೆ ಮ್ಯೂಸಿಯಂನಿಂದ ಎರವಲು ತಂದದ್ದು. ಅದು ವಾಪಸ್ ಸಿಕ್ಕಿದ್ದು 2023ರ ಸೆಪ್ಟೆಂಬರಿನಲ್ಲಿ. ನಿಮ್ಮ ತೋಟದ ನಕ್ಷೆಯನ್ನು ಈ ಕಣ್ಣಿನಿಂದಲೂ ಒಮ್ಮೆ ನೋಡಿ. ಕಿಟಕಿಗೆ ಮರೆಯಾಗುವ ಎತ್ತರದ ಪೊದೆ, ಮೊದಲ ಮಹಡಿಗೆ ಹತ್ತಿಸುವ ಕೊಂಬೆ, ಗಾಜು ಒಡೆಯಲು ಕೈಗೆ ಸಿಗುವ ಸಡಿಲ ಕಲ್ಲು, ಕೆಲಸದವರು ಬಿಟ್ಟುಹೋದ ಏಣಿ, ಗುದ್ದಲಿ. ಸಂಜೆ ಇವೆಲ್ಲ ಒಳಗೆ ಹೋಗಬೇಕು.

ಈ ಸಾಂಕ್ರಾಮಿಕದ ನೆನಪಿಗೂ ಏನಾದರೂ ಸಂಗ್ರಹಿಸಬೇಕಾ?

ಬೇಕು, ಈಗಲೇ. ಮನೆಯಲ್ಲಿ ಹೊಲಿದ ಮಾಸ್ಕ್, ಅಂಗಡಿ ಬಾಗಿಲಿಗೆ ಕೈಯಲ್ಲಿ ಬರೆದು ಅಂಟಿಸಿದ ಚೀಟಿ, ಶಾಲೆ ಇಲ್ಲದ ದಿನಗಳಲ್ಲಿ ಮಗು ಬರೆದ ಡೈರಿ. ಇಂದು ಕಸ ಅನ್ನಿಸುವ ಇವು ಬೇಗ ಕಣ್ಮರೆಯಾಗುತ್ತವೆ. ಕೊಟ್ಟವರಿಂದ ಎರಡು ಸಾಲು ಬರೆಸಿಕೊಳ್ಳಿ. ತೀರಿಕೊಂಡವರ ನೆನಪಿಗೆ ಅಂಗಳದಲ್ಲಿ ಒಂದು ಮೂಲೆ ಬಿಡುವುದಾದರೆ ಅವರ ಮನೆಯವರನ್ನು ಕೇಳಿಕೊಂಡೇ ಮಾಡಿ. ಹೆಸರು ಕೆತ್ತಿಸಬೇಕೋ ಬೇಡವೋ ಎಂಬುದನ್ನು ಸಮಿತಿ ಒಂದೇ ತೀರ್ಮಾನಿಸಬಾರದು.

ಉದ್ಘಾಟನೆ ಹೇಗೆ ಮಾಡೋಣ?

ಒಂದೇ ದಿನ ಎಲ್ಲರನ್ನೂ ಸೇರಿಸಬೇಡಿ. ಮೊದಲು ಸಿಬ್ಬಂದಿಯ ಮನೆಯವರು, ಆಮೇಲೆ ಕಟ್ಟಡದ ಸುತ್ತ ವಾಸಿಸುವವರು. ತಿಂಗಳುಗಟ್ಟಲೆ ಅಗೆತದ ಸದ್ದು ಸಹಿಸಿದವರು ಅವರೇ ಅಲ್ವಾ, ಊರಿನ ಉಳಿದವರಿಗಿಂತ ಮೊದಲ ಹಕ್ಕು ಅವರದು. ಅವರು ಎಲ್ಲಿ ಎಡವಿದರು, ಎಲ್ಲಿ ಗುಂಪಾದರು ಎಂದು ನೋಡಿ ಸರಿಪಡಿಸಿಕೊಂಡು ಮುಂದಿನ ವಾರ ಎಲ್ಲರಿಗೂ ತೆರೆಯಿರಿ. ಭಾಷಣ ಬಯಲಲ್ಲಿ ಇರಲಿ, ಚಿಕ್ಕದಾಗಿರಲಿ.

ತೆರೆಯುವ ಹೊತ್ತಿಗೆ ತೋಟ ಬೋಳಾಗಿ ಕಂಡರೆ?

ಕಾಣುತ್ತದೆ, ಕಾಣಲಿ. ಬೇಗ ತುಂಬಲಿ ಎಂದು ಗಿಡಗಳನ್ನು ಒತ್ತೊತ್ತಾಗಿ ನೆಟ್ಟರೆ ಮೂರನೇ ವರ್ಷ ಅರ್ಧ ಕೀಳಬೇಕಾಗುತ್ತದೆ. ಪ್ರತಿ ಗಿಡದ ಪಕ್ಕ ಅದರ ಹೆಸರು, ಬೆಳೆದಾಗ ಎಷ್ಟು ಎತ್ತರ, ಎಷ್ಟು ಅಗಲ ಆಗುತ್ತದೆ ಎಂದು ಬರೆದ ಚಿಕ್ಕ ಫಲಕ ಇಡಿ, ಜನ ಅರ್ಥ ಮಾಡಿಕೊಳ್ಳುತ್ತಾರೆ. ಮೊದಲ ಎರಡು ಮೂರು ವರ್ಷ ಒಣ ದಿನಗಳಲ್ಲಿ ಮರಗಳಿಗೆ ನೀರು ತಪ್ಪಿಸಬೇಡಿ. ದಿನಾ ಸ್ವಲ್ಪ ಸ್ವಲ್ಪ ಹಾಕುವುದಕ್ಕಿಂತ ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಂತೆ ಹಾಕಿದರೆ ಬೇರು ಕೆಳಕ್ಕೆ ಹೋಗುತ್ತದೆ. ಆಸರೆಗೆ ಕಟ್ಟಿದ ಕೋಲು, ಹಗ್ಗವನ್ನು ಒಂದು ವರ್ಷದ ಮೇಲೆ ಬಿಚ್ಚಿ. ಬಿಚ್ಚಲು ಮರೆತರೆ ಹಗ್ಗ ತೊಗಟೆಯೊಳಗೆ ಇಳಿದು ಮರವನ್ನು ಕೊಲ್ಲುತ್ತದೆ. ಆದ್ದರಿಂದ ಬಿಚ್ಚುವ ತಾರೀಕನ್ನು ನೆಟ್ಟ ದಿನವೇ ಆಫೀಸಿನ ಕ್ಯಾಲೆಂಡರಿನಲ್ಲಿ ಬರೆದು, ಯಾರ ಕೆಲಸ ಎಂದು ಪಕ್ಕದಲ್ಲಿ ಹೆಸರು ಹಾಕಿ.